ಮನೆಯಲ್ಲಿ ವಾಸಿಸುವವರು: ಮೂರು ಮಂದಿ

ಜೂನ್ 12
ಶಟರ್ ಅಂಗಡಿಯಿಂದ

ಪ್ರೊಫೆಸರಮ್ಮನವರಿಗೆ,

ಹಾಸ್ಟೆಲ್ ಹೇಗಿದೆ? ಗೊರಕೆ ಹೊಡೆಯುವವಳು ಸಿಕ್ಕಿದ್ದಾಳಾ, ಇಲ್ಲಾ ಆ ಕೆಲಸವನ್ನೂ ನೀನೇ ನೋಡಿಕೊಳ್ಳುತ್ತಿದ್ದೀಯಾ? ನಿನ್ನ ಬಸ್ಸು ತಿರುವು ದಾಟಿದ ಮೇಲೂ ಅಪ್ಪ ಕೈ ಬೀಸುತ್ತಲೇ ಇದ್ದರು. ಹಿಂದೆ ಬರುತ್ತಿದ್ದ ಇನ್ನೊಂದು ಬಸ್ಸಿನ ಡ್ರೈವರು ತನಗೇ ಅಂದುಕೊಂಡು ನಿಲ್ಲಿಸಿಬಿಟ್ಟ. ಅವನ ಕೈಲಿ ಬೈಸಿಕೊಂಡು ಮನೆಗೆ ಬಂದೆವು.

ಈಗ ಮುಖ್ಯ ವಿಷಯ. ಇನ್ನು ಮೇಲೆ ನನಗೆ ಬರೆಯುವ ಕಾಗದ ಮನೆಗೆ ಹಾಕಬೇಡ, ಅಂಗಡಿಗೆ ಹಾಕು. ನಾನೂ ಹಾಸ್ಟೆಲ್ಲಿಗೆ ಫೋನ್ ಮಾಡುವುದಿಲ್ಲ. ಯಾಕೆ ಅಂದರೆ ನಾನು ಈಗ ಮನೆಯಲ್ಲಿ ಇಲ್ಲ. ಗಾಬರಿಯಾಗಬೇಡ. ಅರ್ಜಿಯಲ್ಲಿ ಮಾತ್ರ ಇಲ್ಲ.

ನಿನ್ನ ಸರಕಾರಿ ಅನುದಾನದ ಅರ್ಜಿ ತುಂಬಿಸಲು ನಾನೂ ಅಮ್ಮನೂ ಜೆರಾಕ್ಸ್ ಅಂಗಡಿಯವನ ಹತ್ತಿರ ಹೋಗಿದ್ದೆವಲ್ಲ, ನೀನು ಸಾಮಾನು ಕಟ್ಟುತ್ತಿದ್ದೆ. ಅವನು ಮೊದಲು ಒಳ್ಳೆಯದನ್ನೇ ಹೇಳಿದ. ಇದು ಸಾಲ ಅಲ್ಲ, ವಾಪಸು ಕೊಡಬೇಕಿಲ್ಲ, ಕಾಲೇಜು ಫೀಸು ಹಾಸ್ಟೆಲ್ ಫೀಸು ಎರಡೂ ಬರುತ್ತದೆ, ಆದರೆ ಮನೆಯ ಆದಾಯ ಮಿತಿಯೊಳಗೆ ಇರಬೇಕು ಅಂತ. ಆಮೇಲೆ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ:

“ಮನೇಲಿ ದುಡಿಯೋರು ಯಾರ್ಯಾರು?”

“ಅಪ್ಪ ಟೆಂಟ್ ಬಟ್ಟೆ ಹೊಲೀತಾರೆ. ಅಮ್ಮ ರಟ್ಟಿನ ಡಬ್ಬ ಅಂಟಿಸ್ತಾಳೆ. ನಾನು ಶಟರ್ ರಿಪೇರಿ.”

“ನೀನೇ ಕಣಯ್ಯ ತೊಂದರೆ! ನಿನ್ನ ಸಂಬಳ ಸೇರಿದ್ರೆ ಮಿತಿ ದಾಟುತ್ತೆ. ಅಲ್ಲಿಗೆ ತಂಗಿ ಓದು ಮುಗೀತು. ನೀನೊಬ್ಬ ಇಲ್ದಿದ್ರೆ ಎಲ್ಲಾ ಸಲೀಸು.”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅಂದಳು, “ಇವನು ದಿನಾ ಓಡಿಹೋಗ್ತೀನಿ ಓಡಿಹೋಗ್ತೀನಿ ಅಂತಿರ್ತಾನೆ. ಓಡಿಹೋಗಿದಾನೆ ಅಂತ ಬರ್ಕೊಳ್ಳಿ.”

ಅವನು ಬರೆದೇಬಿಟ್ಟ. ಮನೆಯಲ್ಲಿ ವಾಸಿಸುವವರು: ಮೂರು ಮಂದಿ. ನೋಡು, ಹತ್ತನೇ ಕ್ಲಾಸು ಮುಗಿದ ದಿನದಿಂದ ಊರು ಬಿಡುತ್ತೇನೆ ಅಂತ ಕುಣಿಯುತ್ತಿದ್ದವನು ನಾನು. ಕೊನೆಗೆ ಬಸ್ ಚಾರ್ಜೂ ಇಲ್ಲದೆ ಬಿಟ್ಟೆ.

ತಪಾಸಣೆಯವರು ಹೇಳದೆ ಕೇಳದೆ ಮನೆಗೆ ಬರುತ್ತಾರಂತೆ. ಹಾಗಾಗಿ ನಾನು ಅಂಗಡಿಯಲ್ಲೇ ಮಲಗುತ್ತಿದ್ದೇನೆ. ಮೇಸ್ತ್ರಿ ಬೇಡ ಅನ್ನಲಿಲ್ಲ. ಶಟರ್ ಎಳೆದುಕೊಂಡರೆ ಒಳಗೆ ಗ್ರೀಸಿನ ವಾಸನೆ, ಕೆಳಗಿನ ಸಂದಿಯಿಂದ ಗಾಳಿ. ರಾಜನ ಹಾಗಿದ್ದೇನೆ. ನೀನು ಓದು.

ಇಲ್ಲದ ಅಣ್ಣ,
ಕೋತಿ


ಜೂನ್ 27
ಹಾಸ್ಟೆಲ್

ಕೋತಿ ಅಣ್ಣಾ,

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹೆಬ್ಬೆರಳು ಹೇಗಿದೆ? ಸ್ಪ್ರಿಂಗ್ ಹಾರಿ ತುದಿ ಕತ್ತರಿಸಿದ ದಿನ ನಾನು ನನ್ನ ರಿಬ್ಬನ್ ಬಿಚ್ಚಿ ಕಟ್ಟಿದ್ದೆ. ಅದನ್ನು ಇನ್ನೂ ಬಿಚ್ಚಿಲ್ಲ ಅಂತ ನನಗೆ ಗೊತ್ತು, ಸೋಮಾರಿ.

ಇಲ್ಲಿ ಅನುದಾನದ ಕಚೇರಿ ಕಾಲೇಜಿನ ಹಿಂದುಗಡೆಯೇ ಇದೆ. ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿ ನಿಯಮ ಓದಿ ಹೇಳಿದರು. ಹಾಜರಿ ಕಡಿಮೆ ಆಗಬಾರದು, ಯಾವ ವಿಷಯದಲ್ಲೂ ಫೇಲಾಗಬಾರದು, ಬೇರೆ ಅನುದಾನ ತೆಗೆದುಕೊಳ್ಳಬಾರದು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಅರ್ಹತೆ ತೋರಿಸಬೇಕು. ಸುಳ್ಳು ಹೇಳಿದ್ದು ಸಿಕ್ಕರೆ ನಿಲ್ಲಿಸುತ್ತಾರೆ, ಕೊಟ್ಟದ್ದನ್ನೂ ವಾಪಸು ಕೇಳುತ್ತಾರೆ. ಆ ಕೊನೆಯ ಮಾತು ಓದುವಾಗ ಅಧಿಕಾರಿ ನನ್ನನ್ನೇ ನೋಡಿದರು ಅನಿಸಿತು. ಎಲ್ಲರಿಗೂ ಹಾಗೇ ಅನಿಸಿರಬೇಕು.

ಆಮೇಲೆ ಒಬ್ಬೊಬ್ಬರನ್ನೇ ಕರೆದರು.

“ಅಣ್ಣ ಇದ್ದನಲ್ಲ, ಎಲ್ಲಿ ಹೋದ?”

“ಗೊತ್ತಿಲ್ಲ ಸರ್. ಬಿಟ್ಟು ಹೋದ.”

ನನ್ನ ಬಾಯಿಂದ ಅದು ಎಷ್ಟು ಸುಲಭವಾಗಿ ಬಂತು ಗೊತ್ತಾ? ಇನ್ನೂ ಏನೇನೋ ಕೇಳಿದರು, ನಾನೂ ಏನೇನೋ ಹೇಳಿದೆ. ಅದನ್ನು ನಿನಗೆ ಹೇಳುವುದಿಲ್ಲ, ನೀನು ರೇಗಿಸುತ್ತೀಯ.

ರೂಮಿಗೆ ಬಂದು ಕೈ ತೊಳೆದುಕೊಂಡೆ. ಯಾಕೋ ತೊಳೆಯಬೇಕು ಅನಿಸಿತು.

ನಿನ್ನ,
ಪ್ರೊಫೆಸರಮ್ಮ


ಜುಲೈ 21
ಅಂಗಡಿ

ಪ್ರೊಫೆಸರಮ್ಮ,

ಏನು ಹೇಳಿದೆ? ಅಣ್ಣ ಸಿನಿಮಾ ಹೀರೋ ಆಗಲು ಹೋದ ಅಂದೆಯಾ? ಮುಖ ನೋಡಿದರೆ ನಂಬುವ ಹಾಗೇ ಇದೆ ಬಿಡು.

ಅಮ್ಮನ ವಿಷಯ ಬರೆಯಬೇಕು. ಅವಳು ಈ ನಾಟಕವನ್ನು ಸಿಕ್ಕಾಪಟ್ಟೆ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ದಿನಾ ಸಂಜೆ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಪಾಠ. “ಮಗ ಎಲ್ಲಿ?” “ಬಿಟ್ಟು ಹೋದ.” “ಕಾಗದ ಹಾಕ್ತಾನಾ?” “ಇಲ್ಲ.” ಮೊದಲ ವಾರ ಅಪ್ಪ ನಗುತ್ತಿದ್ದರು, ಪ್ರತಿ ಸಲವೂ ತಪ್ಪುತ್ತಿದ್ದರು. ಒಂದು ದಿನ “ಮಗ ಎಲ್ಲಿ?” ಅಂದಾಗ “ಇಲ್ಲೇ ನಿನ್ನ ಪಕ್ಕ ಹಲ್ಲು ಕಿರೀತಿದಾನಲ್ಲ” ಅಂದುಬಿಟ್ಟರು. ಅಮ್ಮ ಅಂಟಿನ ಕುಂಚ ಎಸೆದಳು. “ಮಗಳ ಓದು ನಿಮಗೆ ಆಟಾನಾ? ಬಾಯಲ್ಲಿ ಹೇಳಿದ್ರೆ ಸಾಲದು, ಹಾಗೇ ಬದುಕ್ಬೇಕು. ಆಗ್ಲೇ ಬಾಯಿ ತಪ್ಪಲ್ಲ.”

ಅವತ್ತಿನಿಂದ ಹಾಗೇ ಬದುಕುತ್ತಿದ್ದಾರೆ. ನನ್ನ ಚಪ್ಪಲಿ ಬಾಗಿಲಲ್ಲಿ ಇಲ್ಲ. ನನ್ನ ತಟ್ಟೆ ಕೆಳಗಿನ ಮನೆಯವರಿಗೆ ಕೊಟ್ಟಾಯಿತು. ಗೋಡೆಯ ಫೋಟೋದಲ್ಲಿ ನಾನಿದ್ದ ಕಡೆಯನ್ನು ಚೌಕಟ್ಟಿನೊಳಗೆ ಮಡಚಿದ್ದಾಳೆ. ನಿನ್ನ ಭುಜದ ಮೇಲೆ ಒಂದು ಕೈ ಮಾತ್ರ ಉಳಿದಿದೆ.

ನಾನು ಹಿಂದಿನ ಮೆಟ್ಟಿಲಿನಿಂದ ಹೋಗುತ್ತೇನೆ. ಮೊದಲು ಅಮ್ಮ “ಬಂದ್ಯಾ” ಅನ್ನುತ್ತಿದ್ದಳು. ಈಗ ಅನ್ನುವುದಿಲ್ಲ. ನಾನು ಮಾತಾಡಿದರೆ ಡಬ್ಬ ಅಂಟಿಸುತ್ತಲೇ ಇರುತ್ತಾಳೆ. ನಾನು ಗಾಜೇನೋ ಅನ್ನುವ ಹಾಗೆ ನನ್ನಾಚೆಯ ಕಿಟಕಿ ನೋಡುತ್ತಾಳೆ. ಮೊನ್ನೆ ನಾನು ಅವಳ ಮುಂದೆ ನಿಂತು ಕುಣಿದೆ, ನಿಜವಾಗಿಯೂ ಕುಣಿದೆ, ಲುಂಗಿ ಎತ್ತಿ ಕಟ್ಟಿಕೊಂಡು. ರೆಪ್ಪೆ ಕೂಡ ಅಲುಗಲಿಲ್ಲ.

ಅಮ್ಮ ಇಷ್ಟು ಚೆನ್ನಾಗಿ ನಟಿಸುತ್ತಾಳೆ ಅಂತ ಗೊತ್ತಿರಲಿಲ್ಲ ಕಣೇ.

ಕೋತಿ


ಆಗಸ್ಟ್ 30
ಅಂಗಡಿ

ಪ್ರೊಫೆಸರಮ್ಮ,

ತಪಾಸಣೆ ಆಯಿತು. ನೀನು ಗೆದ್ದೆ. ಮೊದಲು ಅದನ್ನು ಓದಿಕೊಂಡು ನೀರು ಕುಡಿ, ಆಮೇಲೆ ಉಳಿದದ್ದು ಓದು.

ನಾನು ಸೋಪು ತರಲು ಮನೆಗೆ ಹೋಗಿದ್ದೆ. ಮುಂಬಾಗಿಲು ಬಡಿದ ಸದ್ದಾಯಿತು. ಬಚ್ಚಲಿಗೆ ನುಗ್ಗಿ ಬಾಗಿಲ ಹಿಂದೆ ನಿಂತೆ. ಸಂದಿಯಲ್ಲಿ ಎಲ್ಲ ಕಾಣುತ್ತಿತ್ತು. ಬಂದವರು ಒಬ್ಬ ಹೆಂಗಸು, ದಪ್ಪ ಕನ್ನಡಕ, ಕೈಯಲ್ಲಿ ಛತ್ರಿ. ಪಾಪ, ಒಳ್ಳೆಯವರೇ. ಅಪ್ಪನ ಹೊಲಿಗೆ ಮಷಿನ್ನು ನೋಡಿದರು, ಡಬ್ಬಗಳನ್ನು ನೋಡಿದರು. ಆಮೇಲೆ ಮೆತ್ತಗೆ ಕೇಳಿದರು, “ಮಗ ಯಾವಾಗ ಹೋದ್ನಮ್ಮಾ?”

ಪಾಠದ ಪ್ರಕಾರ ಅಮ್ಮ “ಮೂರು ತಿಂಗಳಾಯ್ತು” ಅಂದು ಸುಮ್ಮನಾಗಬೇಕಿತ್ತು. ಆದರೆ ಅವಳು ನಿಲ್ಲಿಸಲಿಲ್ಲ.

“ಬೆಳಗ್ಗೆ ಹೊತ್ತು ಮೇಡಂ. ಬೂದಿ ಬಣ್ಣದ ಶರಟು ಹಾಕ್ಕೊಂಡಿದ್ದ. ಜಿಪ್ಪು ಹೋದ ಹಸಿರು ಚೀಲ. ಬಾಗಿಲಲ್ಲಿ ನಿಂತು ‘ಅಮ್ಮಾ, ನನ್ನ ತಟ್ಟೆ ತೆಗೆದಿಡು’ ಅಂದ. ಮೆಟ್ಟಿಲು ಇಳಿಯೋವಾಗ ಒಂದ್ಸಲಾನಾದ್ರೂ ತಿರುಗ್ತಾನೇನೋ ಅಂತ ನೋಡ್ದೆ. ತಿರುಗ್ಲಿಲ್ಲ.”

ಅತ್ತಳು. ಆ ಹೆಂಗಸೂ ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪ ಎದ್ದು ಹೋಗಿ ಕಿಟಕಿಯಿಂದ ರಸ್ತೆ ನೋಡುತ್ತಾ ನಿಂತರು, ಯಾರೋ ಬರುವವರಿದ್ದಾರೆ ಅನ್ನುವ ಹಾಗೆ. ನನ್ನ ಹತ್ತಿರ ಬೂದಿ ಬಣ್ಣದ ಶರಟು ಇಲ್ಲವೇ ಇಲ್ಲ. ಹಸಿರು ಚೀಲವೂ ಇಲ್ಲ.

ಅವರು ಹೋದ ಮೇಲೆ ಹೊರಗೆ ಬಂದು ಚಪ್ಪಾಳೆ ತಟ್ಟಿದೆ. “ಏನಮ್ಮಾ ಇದು, ಬಹುಮಾನ ಕೊಡಿಸ್ಬೇಕು ನಿಂಗೆ!”

ಅಮ್ಮ ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದಳು. ಈ ಸಲ ನನ್ನಾಚೆಯ ಕಿಟಕಿಯನ್ನಲ್ಲ, ನನ್ನನ್ನೇ. ಗುರುತು ಇಲ್ಲದವರನ್ನು ಬಾಗಿಲಲ್ಲಿ ನೋಡುವ ಹಾಗೆ.

“ಯಾರು ಬೇಕಾಗಿತ್ತಪ್ಪಾ?” ಅಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಸೋಪು ಅಲ್ಲೇ ಬಿಟ್ಟು ಬಂದೆ.

ಕೋತಿ


ಸೆಪ್ಟೆಂಬರ್ 11
ಹಾಸ್ಟೆಲ್

ಅಣ್ಣಾ,

ಅನುದಾನದ ಮೊದಲ ಕಂತು ಬಂದಿದೆ. ಕಾಲೇಜು ಫೀಸು ಕಟ್ಟಾಯಿತು. ಸಂತೋಷ ಪಡು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಅವತ್ತು ಕಚೇರಿಯಲ್ಲಿ “ಹೇಗೆ ಹೋದ?” ಅಂತ ಕೇಳಿದರು. ಏನೂ ಹೊಳೆಯಲಿಲ್ಲ. ಎದುರಿಗೆ ಗೋಡೆ ಬೂದಿ ಬಣ್ಣ ಇತ್ತು, ಕಪಾಟಿನ ಮೇಲೆ ಯಾರದೋ ಹಸಿರು ಚೀಲ ಇತ್ತು. ಬಾಯಿಗೆ ಬಂದದ್ದು ಹೇಳಿದೆ: ಬೂದಿ ಶರಟು, ಜಿಪ್ಪು ಹೋದ ಹಸಿರು ಚೀಲ, ತಿರುಗಿ ನೋಡಲಿಲ್ಲ.

ನಾನು ಇದನ್ನು ಅಮ್ಮನಿಗೆ ಹೇಳಿಲ್ಲ. ಬರೆದೂ ಇಲ್ಲ. ಯಾರಿಗೂ ಹೇಳಿಲ್ಲ ಅಣ್ಣಾ.

ಇನ್ನೊಂದು. ನೀನು ಹಾಸ್ಟೆಲ್ ಹತ್ತಿರ ಬರಬೇಡ, ದಮ್ಮಯ್ಯ. ಕಳೆದ ವಾರ ಗೇಟಿನವನು ಕರೆದು, “ನಿಮ್ಮಣ್ಣ ಬಂದಿದ್ರಮ್ಮ, ಒಳಗೆ ಬನ್ನಿ ಅಂದ್ರೆ ಬರ್ಲಿಲ್ಲ, ರಸ್ತೆ ಆಚೆ ನಿಂತು ನಿಮ್ಮ ಕಿಟಕಿ ನೋಡ್ತಿದ್ರು” ಅಂದ. ನನ್ನ ಜೀವ ಬಾಯಿಗೆ ಬಂತು. ಕಚೇರಿಯವರು ನೋಡಿದ್ದರೆ ಏನು ಗತಿ? ಯಾವ ಶರಟು ಹಾಕಿದ್ದರು ಅಂತ ಕೇಳಿದೆ. ಬೂದಿ ಬಣ್ಣದ್ದು ಅಂದ.

ನನ್ನನ್ನು ಹೆದರಿಸಲು ಹೊಸ ಶರಟು ಹೊಲಿಸಿದೆಯಾ? ಹೌದು ಅಂತ ಬರಿ. ಬೈಯುವುದಿಲ್ಲ.

ನಿನ್ನ ತಂಗಿ


ಅಕ್ಟೋಬರ್ 4
ಅಂಗಡಿ

ತಂಗೀ,

ನಾನು ಬಂದಿಲ್ಲ. ಶರಟೂ ಹೊಲಿಸಿಲ್ಲ. ಆ ವಾರವೆಲ್ಲ ಒಂದು ಗೋದಾಮಿನ ದೊಡ್ಡ ಶಟರ್ ಕೆಲಸದಲ್ಲಿ ಇದ್ದೆ, ಬೇಕಾದರೆ ಮೇಸ್ತ್ರಿಯನ್ನು ಕೇಳು.

ಮೊನ್ನೆ ಅಪ್ಪ ಅಂಗಡಿಗೆ ಬಂದರು. ಎಷ್ಟೋ ದಿನದ ಮೇಲೆ ನನ್ನನ್ನು ಮಾತಾಡಿಸಲು ಬಂದರು ಅಂತ ಎದ್ದು ಸ್ಟೂಲು ಕೊಟ್ಟೆ. ಕೂತರು. ಮುಖದಲ್ಲಿ ಏನೋ ಖುಷಿ. “ಯಾರಿಗಾದ್ರೂ ಹೇಳ್ಕೊಳ್ದಿದ್ರೆ ಹೊಟ್ಟೆ ಒಡೆದುಹೋಗುತ್ತೆ” ಅಂದರು. “ಬಸ್ ಸ್ಟ್ಯಾಂಡಲ್ಲಿ ನಮ್ಮ ಹುಡುಗ ಸಿಕ್ಕಿದ್ದ. ಸೊರಗಿ ಹೋಗಿದಾನೆ. ಟೀ ಕೊಡಿಸ್ದೆ. ಮನೆಗೆ ಬಾರೋ ಅಂದೆ. ತಂಗಿ ಕರೆದ್ರೆ ಬರ್ತೀನಿ ಅಂದ.”

“ಅಪ್ಪಾ, ನಾನೇ ಅಲ್ವಾ ನಿಮ್ಮ ಹುಡುಗ?” ಅಂದೆ.

ಅಪ್ಪ ನನ್ನ ಕೆನ್ನೆ ತಟ್ಟಿದರು. “ನೀನೂ ನನ್ನ ಮಗನ ಹಾಗೇನೇ ಕಣಪ್ಪ” ಅಂದರು. ಎಷ್ಟು ಪ್ರೀತಿಯಿಂದ ಅಂದರು ಅಂತೀಯಾ!

ಈಗ ಕೆಲಸಕ್ಕೆ ಹೋದ ಕಡೆಯೆಲ್ಲ ಶಟರ್ ಎತ್ತುವ ಮೊದಲು ಎರಡು ಸಲ ಬಡಿಯುತ್ತೇನೆ. ಮನೆ ಬಾಗಿಲನ್ನು ಬಡಿಯುತ್ತಿದ್ದೆನಲ್ಲ, ಹಾಗೆ. ಖಾಲಿ ಅಂಗಡಿ ಅಂತ ಗೊತ್ತಿದ್ದರೂ ಬಡಿಯುತ್ತೇನೆ. ಒಳಗೆ ನಾನೇ ಕೂತಿದ್ದರೆ ಅಂತ ಭಯ.

ಅನುದಾನ ಬಿಡಬೇಡ, ಓದು ನಿಲ್ಲಿಸಬೇಡ. ಅದು ಮಾತ್ರ ಬೇಡ. ಆದರೆ ಅರ್ಜಿಯಲ್ಲಿ ನನ್ನನ್ನು ವಾಪಸು ಬರೆಯಲು ದಾರಿ ಇದೆಯಾ ಅಂತ ಕೇಳು. ನಾನು ಕೆಲಸ ಬೇಕಾದರೆ ಬಿಡುತ್ತೇನೆ. ಸಂಬಳವೇ ಇಲ್ಲದಿದ್ದರೆ ನಾನು ಇರಬಹುದಲ್ಲ?

ಅಣ್ಣ


ನವೆಂಬರ್ 18
ಹಾಸ್ಟೆಲ್

ಅಣ್ಣಾ,

ಕಾಗದ ತಡವಾಯಿತು. ಕಚೇರಿಗೆ ಹೋಗಲು ಧೈರ್ಯ ಬರಲು ಇಷ್ಟು ದಿನ ಬೇಕಾಯಿತು. ಮುಂದಿನ ವರ್ಷದ ಅರ್ಜಿ ಕೊಡುವ ನೆಪದಲ್ಲಿ ಹೋದೆ. ಗೆಳತಿಯ ಕಥೆ ಅನ್ನುವ ಹಾಗೆ ಕೇಳಿದೆ: “ಸರ್, ದುಡಿಯೋ ಅಣ್ಣ ಮನೇಲಿದ್ರೆ ಅನುದಾನ ಸಿಗಲ್ವಾ?”

ಅಧಿಕಾರಿ ತಲೆ ಎತ್ತದೆ ಹೇಳಿದರು, “ಯಾರಮ್ಮ ಹಾಗಂದಿದ್ದು? ಲೆಕ್ಕ ಹಿಡಿಯೋದು ತಂದೆ ತಾಯಿ ಆದಾಯ ಮಾತ್ರ. ಅಣ್ಣ ಎಷ್ಟು ದುಡಿದ್ರೂ ನಮಗೆ ಬೇಡ. ಮನೇಲಿ ಎಷ್ಟು ಜನ ಇದಾರೆ ಅಂತ ಬರೆದ್ರೆ ಸಾಕು. ಜನ ಜಾಸ್ತಿ ಇದ್ರೆ ನಿಮಗೇ ಅನುಕೂಲ.”

ಅಣ್ಣಾ, ನಿನ್ನ ಸಂಬಳ ಯಾವತ್ತೂ ಸೇರುತ್ತಿರಲಿಲ್ಲ. ಜೆರಾಕ್ಸ್ ಅಂಗಡಿಯವನು ತನಗೆ ತಿಳಿದದ್ದು ಹೇಳಿದ. ನಾವು ಒಬ್ಬರೂ ಕಚೇರಿಗೆ ಬಂದು ಕೇಳಲಿಲ್ಲ. ನೀನು ಮೊದಲ ದಿನದಿಂದಲೂ ನಿನ್ನ ಹಾಸಿಗೆಯಲ್ಲಿ ಮಲಗಬಹುದಿತ್ತು.

ಅಲ್ಲಿ ನಿಂತೇ ಅತ್ತೆ. ಅಧಿಕಾರಿಗೆ ಅರ್ಥವಾಯಿತೋ ಏನೋ. “ಅಣ್ಣ ವಾಪಸು ಬಂದಿದ್ರೆ ಬರೀಬಹುದು. ಒಂದು ಸಲ ತಿದ್ದೋಕೆ ಅವಕಾಶ ಇದೆ. ಇನ್ನೊಂದು ಸಲ ತಿದ್ದಿದ್ರೆ ಮಾತ್ರ ಕೇಳೋದಿಲ್ಲ, ಅನುದಾನ ರದ್ದು” ಅಂದರು. ನಾನು ಅಲ್ಲೇ ಬರೆದೆ. ಮನೆಯಲ್ಲಿ ವಾಸಿಸುವವರು: ನಾಲ್ಕು ಮಂದಿ. ಅಣ್ಣ ಹಿಂದಿರುಗಿದ್ದಾನೆ.

ಅಮ್ಮನಿಗೂ ಇವತ್ತೇ ಬರೆಯುತ್ತಿದ್ದೇನೆ. ಅಣ್ಣನನ್ನು ಮನೆಗೆ ಕರೆಯಿರಿ ಅಂತ. ಈ ಭಾನುವಾರ ಹೋಗು. ಹಿಂದಿನ ಮೆಟ್ಟಿಲು ಬೇಡ, ಮುಂಬಾಗಿಲಿನಿಂದ ಹೋಗು. ಎರಡು ಸಲ ಬಡಿ. ಎಲ್ಲ ಸರಿಹೋಗುತ್ತದೆ ಕಣೋ ಕೋತಿ.

ನಿನ್ನ ಪ್ರೊಫೆಸರಮ್ಮ


ನವೆಂಬರ್ 30
ಅಂಗಡಿ

ತಂಗೀ,

ನಿನ್ನ ಕಾಗದ ನನಗೆ ಸೋಮವಾರ ಸಿಕ್ಕಿತು. ನೀನು ಹೇಳಿದ ಭಾನುವಾರ ಆಗಲೇ ಕಳೆದಿತ್ತು. ಪರವಾಗಿಲ್ಲ ಅಂತ ಅವತ್ತೇ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಹೋದೆ. ಮುಂದಿನ ಮೆಟ್ಟಿಲು ಹತ್ತಿದೆ. ಎರಡು ಸಲ ಬಡಿದೆ.

“ಯಾರು?” ಅಂತ ಒಳಗಿನಿಂದ ಕೇಳಿದರು.

ಅಪ್ಪನ ದನಿ ಅಲ್ಲ. ನನ್ನ ದನಿ.

ಹಿಂದಕ್ಕೆ ಓಡಬೇಕಿತ್ತು. ಓಡಲಿಲ್ಲ. ನನ್ನ ಚಪ್ಪಲಿ ಇರುತ್ತಿದ್ದ ಜಾಗದಲ್ಲಿ ಒಂದು ಜೊತೆ ಚಪ್ಪಲಿ, ನನ್ನದೇ ಅಳತೆ. ಹಗ್ಗದ ಮೇಲೆ ಬೂದಿ ಬಣ್ಣದ ಶರಟು ಒಣಗುತ್ತಿತ್ತು, ತೋಳಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಬಾಗಿಲು ತೆರೆದಳು. ಎಷ್ಟು ಚೆಂದ ಕಾಣುತ್ತಿದ್ದಳು ಗೊತ್ತಾ! ನಿನ್ನ ರಿಸಲ್ಟ್ ಬಂದ ದಿನ ಹಾಗಿದ್ದಳು.

“ಯಾರು ಬೇಕಾಗಿತ್ತಪ್ಪಾ?”

“ಅಮ್ಮಾ, ನಾನು. ನಿನ್ನ ಮಗ.”

“ತಮಾಷೆ ಮಾಡ್ಬೇಡಪ್ಪ. ನನ್ನ ಮಗ ನಿನ್ನೆ ತಾನೇ ಬಂದಿದಾನೆ. ತಂಗಿ ಕರೆದ್ಲು ಅಂತ ಬಂದ. ಊಟಕ್ಕೆ ಕೂತಿದಾನೆ.”

ಅವಳ ಭುಜದ ಮೇಲಿಂದ ನೋಡಿದೆ. ಅಪ್ಪನ ಪಕ್ಕದಲ್ಲಿ ಒಬ್ಬ ಬೆನ್ನು ಹಾಕಿ ಕೂತಿದ್ದ. ಕೆಳಗಿನ ಮನೆಯಿಂದ ನನ್ನ ತಟ್ಟೆ ವಾಪಸು ಬಂದಿತ್ತು. ಗೋಡೆಯ ಫೋಟೋ ಬಿಚ್ಚಿ ನೇರ ಮಾಡಿದ್ದರು. ಅವನು ಏನೋ ಅಂದ, ಅಪ್ಪ ಬಿದ್ದು ಬಿದ್ದು ನಕ್ಕರು. ನಾನು ಯಾವತ್ತೂ ಅಪ್ಪನನ್ನು ಅಷ್ಟು ನಗಿಸಿಲ್ಲ. ಅವನು ತಿರುಗಿ ನೋಡಲಿಲ್ಲ.

ಅಮ್ಮ ಮೆಲ್ಲಗೆ ಬಾಗಿಲು ಹಾಕಿಕೊಂಡಳು.

ನಾನು ಎಲ್ಲಿಗೂ ಹೋಗಿರಲಿಲ್ಲ ಅಂತ ಗೊತ್ತಿರುವವಳು ನೀನೊಬ್ಬಳೇ. ನನ್ನ ಎಲ್ಲ ಕಾಗದಗಳೂ ನಿನ್ನ ಹತ್ತಿರ ಇವೆ. ನೀನು ಬಾ. ಬಂದು ಅವನ ಎಡಗೈ ಹೆಬ್ಬೆರಳು ನೋಡು. ಸ್ಪ್ರಿಂಗ್ ಕತ್ತರಿಸಿದ್ದು ಯಾರ ಬೆರಳು, ನೀನು ಕಟ್ಟಿದ್ದು ಯಾರಿಗೆ ಅಂತ ನೀನೇ ಹೇಳು. ನೀನು ಹೇಳಿದರೆ ಅಮ್ಮ ನಂಬುತ್ತಾಳೆ.

ಬೇಗ ಬರಿ. ಅಂಗಡಿಯ ವಿಳಾಸಕ್ಕೇ ಬರಿ.

ಅಣ್ಣ


ಡಿಸೆಂಬರ್ 16
ಹಾಸ್ಟೆಲ್

ಮಾನ್ಯರೇ,

ನಿಮ್ಮ ಕಾಗದ ತಲುಪಿತು.

ನಾನು ರಜೆಯಲ್ಲಿ ಎರಡು ದಿನ ಮನೆಗೆ ಹೋಗಿ ಬಂದೆ. ನಮ್ಮ ಅಣ್ಣ ಬಸ್ ಸ್ಟ್ಯಾಂಡಿಗೆ ಬಂದು ನನ್ನ ಚೀಲ ಹಿಡಿದುಕೊಂಡ. ನಮ್ಮ ಅಮ್ಮ ಈಗ ರಾತ್ರಿಯೆಲ್ಲ ಚೆನ್ನಾಗಿ ನಿದ್ದೆ ಮಾಡುತ್ತಾಳೆ. ಅಪ್ಪ ಹೊಲಿಯುತ್ತಾ ಹಾಡು ಗುನುಗುತ್ತಾರೆ. ಅಣ್ಣ ತುಂಬ ಒಳ್ಳೆಯವನು. ಜಗಳ ಆಡುವುದಿಲ್ಲ, ರೇಗಿಸುವುದಿಲ್ಲ, ಓಡಿಹೋಗುತ್ತೇನೆ ಅನ್ನುವುದಿಲ್ಲ. ಅವನ ಹೆಬ್ಬೆರಳು ನೋಡಿದೆ. ಸಂಪೂರ್ಣವಾಗಿದೆ, ಗಾಯದ ಗುರುತು ಏನೂ ಇಲ್ಲ. ನಾನು ಅದರ ಬಗ್ಗೆ ಯಾರನ್ನೂ ಏನೂ ಕೇಳಲಿಲ್ಲ.

ಬಂದ ಮರುದಿನ ಕಚೇರಿಯಲ್ಲಿ ಮುಂದಿನ ವರ್ಷದ ಅರ್ಜಿಗೆ ಮುದ್ರೆ ಬಿತ್ತು. ನಮ್ಮ ಮನೆಯಲ್ಲಿ ವಾಸಿಸುವವರು ನಾಲ್ಕು ಮಂದಿ. ಅದನ್ನು ಇನ್ನೊಂದು ಸಲ ತಿದ್ದಲು ನನಗೆ ಆಗುವುದಿಲ್ಲ. ಇನ್ನೂ ಎರಡು ವರ್ಷದ ಓದು ಇದೆ. ಓದು ನಿಲ್ಲಿಸಬೇಡ ಅಂತ ನೀವೇ ಬರೆದಿದ್ದಿರಿ. ನಿಮ್ಮ ಮಾತನ್ನೇ ನಡೆಸುತ್ತಿದ್ದೇನೆ ಅಂದುಕೊಳ್ಳಿ.

ನಿಮ್ಮ ಹಿಂದಿನ ಕಾಗದಗಳನ್ನು ಒಲೆಗೆ ಹಾಕಿದೆ. ದಯವಿಟ್ಟು ಇನ್ನು ಬರೆಯಬೇಡಿ, ಮನೆಯ ಹತ್ತಿರವೂ ಹೋಗಬೇಡಿ. ಅಮ್ಮನಿಗೆ ಎರಡು ಸಲ ಬಡಿಯುವ ಸದ್ದು ಕೇಳಿದರೆ ಈಗ ಭಯವಾಗುತ್ತದಂತೆ.

ಚಳಿ ಜಾಸ್ತಿಯಾಗಿದೆ. ಶಟರ್ ಕೆಳಗಿನ ಸಂದಿಗೆ ಗೋಣಿ ತುರುಕಿಕೊಂಡು ಮಲಗಿ. ಈ ಲಕೋಟೆಯಲ್ಲಿ ಒಂದು ರಿಬ್ಬನ್ ಇಟ್ಟಿದ್ದೇನೆ. ಹಳೆಯದು ಗ್ರೀಸು ಹಿಡಿದು ಕಪ್ಪಾಗಿರಬೇಕು.

ಇತಿ,
ಒಬ್ಬ ವಿದ್ಯಾರ್ಥಿನಿ